ಆಫ್ ಮಾಡಿದ ಮೋಟರ್

2023ರಲ್ಲಿ ನಾನು ಹಳೇಬೀಡಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದೆ. ಅರಸೀಕೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಹಚ್ಚಿಕೊಂಡ ಕೆಲಸ. ಹಳೆಯ ಸೈಕಲ್ಲುಗಳಿಗೆ ಹಬ್ ಮೋಟರ್, ಅಂದರೆ ಚಕ್ರದ ನಡುವಿನ ಗುಂಬದಲ್ಲೇ ಕೂರುವ ಮೋಟರ್, ಹಾಕಿಕೊಡುತ್ತಿದ್ದೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ಎಷ್ಟು ಸ್ಪೀಡ್ ಹೋಗುತ್ತದೆ? ಹೇಳಿ ಹೇಳಿ ನನಗೆ ಸಾಕಾಗಿತ್ತು.

ಮಾದಿಹಳ್ಳಿಯ ಗಿರಿಜಮ್ಮ ಅಕ್ಕಪಕ್ಕದ ಮನೆಗಳ ಹಾಲನ್ನು ಕ್ಯಾನುಗಳಲ್ಲಿ ತುಂಬಿ ಸೈಕಲ್ಲಿನಲ್ಲಿ ಡೈರಿಗೆ ಮುಟ್ಟಿಸುತ್ತಿದ್ದರು. ಮಂಡಿ ಸವೆದಿತ್ತು. ಆಕೆ ಬಿಟ್ಟರೆ ಆ ಕೆಲಸ ಹಿಡಿಯಲು ಬೇರೆಯವರು ಕಾದಿದ್ದರು. ಆಕೆಗೆ ಮಾತ್ರ ಬೇರೆ ದುಡಿಮೆ ಇರಲಿಲ್ಲ. ಆಕೆಯ ತಮ್ಮ ಬಸವರಾಜು ಎಲ್ಲಿಂದಲೋ ದೊಡ್ಡದೊಂದು ಮೋಟರ್ ತಂದ. ಅದು ಡೈರೆಕ್ಟ್ ಡ್ರೈವ್: ಒಳಗೆ ಗೇರ್ ಇಲ್ಲ, ಅಯಸ್ಕಾಂತಗಳೇ ಚಕ್ರವನ್ನು ತಿರುಗಿಸುತ್ತವೆ.

"ಹಾಲು ಹೊರೋಕೆ ಗೇರ್ ಇರೋ ಚಿಕ್ಕ ಮೋಟರ್ ಸಾಕು ಕಣೋ," ಎಂದೆ.

"ಚಿಕ್ಕದ್ರಲ್ಲಿ ಏನ್ ಬಲ ಐತೆ ಬಿಡಣ್ಣ. ನಮ್ಮಕ್ಕಂಗೆ ದೊಡ್ಡದೇ ಇರ್ಲಿ."

ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ಅದನ್ನೇ 26 ಇಂಚಿನ ರಿಮ್ಮಿಗೆ 36 ಕಡ್ಡಿ ಹಾಕಿ ಹೆಣೆದೆ. ದೊಡ್ಡ ಗುಂಬಕ್ಕೆ ಕಡ್ಡಿ ಗಿಡ್ಡವಾಗುತ್ತದೆ. ಮಾಮೂಲಿ ಚಕ್ರದಂತೆ ಒಂದು ಕಡ್ಡಿಯನ್ನು ಉಳಿದವುಗಳ ಮೇಲೆ ಮೂರು ಸಲ ದಾಟಿಸಿ ಹೆಣೆದರೆ ರಿಮ್ಮಿನ ಬಳಿ ಬಾಗಿ ಮುರಿಯುತ್ತದೆ, ಒಂದೇ ಸಲ ದಾಟಿಸಬೇಕು. ಹಾಗೇ ಮಾಡಿದೆ.

ಕೆಲವು ತಿಂಗಳ ಮೇಲೆ ಬಸವರಾಜು ಸೈಕಲ್ ತಳ್ಳಿಕೊಂಡು ಬಂದ. "ಮೋಟರ್ ಬಿಚ್ಕೊಡಣ್ಣ. ಅಕ್ಕ ಹಾಲಿನ ಕೆಲ್ಸ ಬಿಡ್ತಾಳಂತೆ. ಮಂಡಿ ಇನ್ನೂ ಕೆಟ್ಟೋಯ್ತು."

ಪರೀಕ್ಷೆ ಮಾಡಿದೆ. ಮೋಟರ್, ಬ್ಯಾಟರಿ, ಕಡ್ಡಿ, ಯಾವುದರಲ್ಲೂ ದೋಷವಿಲ್ಲ. ತಲೆ ಚಿಟ್ಟು ಹಿಡಿಯಿತು. ಬಿಚ್ಚದೆ ವಾಪಸ್ ಕಳಿಸಿ, ಮರುದಿನ ಬೆಳಿಗ್ಗೆ ಮೊಪೆಡ್ಡಿನಲ್ಲಿ ಮಾದಿಹಳ್ಳಿಗೆ ಹೋಗಿ ಗಿರಿಜಮ್ಮನ ಹಿಂದೆಯೇ ಹೊರಟೆ. ಗದ್ದೆ ಬದಿಯ ಸಮ ರಸ್ತೆಗೆ ಬಂದೊಡನೆ ಆಕೆ ಸ್ವಿಚ್ ಆಫ್ ಮಾಡಿ, ಹಲ್ಲು ಕಚ್ಚಿ ತುಳಿಯತೊಡಗಿದರು.

"ಯಾಕಮ್ಮ ಆಫ್ ಮಾಡಿದ್ರಿ?"

"ಡೈರಿ ಹತ್ರ ಏರು ಐತಲ್ಲಣ್ಣ, ಅದಕ್ಕೆ ಉಳ್ಕಳ್ಲಿ ಅಂತ. ರಾತ್ರಿ ಕರೆಂಟ್ ಹೋದ್ರೆ ಚಾರ್ಜೇ ಆಗಲ್ಲ. ಏರಲ್ಲಿ ನಿಂತೋದ್ರೆ ಹಾಲು ಒಡೆದೋಗ್ತದೆ."

ತಪ್ಪೇನಿಲ್ಲ. ಇಳಿಜಾರಿನಲ್ಲಿ ಮೊಪೆಡ್ ಎಂಜಿನ್ ಆರಿಸುವ ನಮ್ಮ ಕಡೆಯವರೆಲ್ಲ ಮಾಡುವುದು ಇದನ್ನೇ. ಆದರೆ ಡೈರೆಕ್ಟ್ ಡ್ರೈವ್ ಆಫ್ ಆದರೂ ಅಯಸ್ಕಾಂತಗಳು ಚಕ್ರವನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ಹೀಗೆ ಉಳಿಸಿದ ಪ್ರತಿ ಮಾರು ದೂರಕ್ಕೂ ಆಕೆಯ ಮಂಡಿ ಬೆಲೆ ತೆತ್ತಿತ್ತು. ನನಗೆ ಸಂಕಟವಾಯಿತು.

ಗೇರ್ ಇರುವ 250 ವ್ಯಾಟಿನ ಮೋಟರ್ ತರಿಸಿ ಚಕ್ರ ಹೊಸದಾಗಿ ಹೆಣೆದೆ. ಆಫ್ ಮಾಡಿದರೆ ಅದರ ಒಳಗಿನ ಫ್ರೀವ್ಹೀಲ್ ಚಕ್ರವನ್ನು ತನ್ನ ಪಾಡಿಗೆ ಬಿಡುತ್ತದೆ. ಗಿರಿಜಮ್ಮ ಅಂಗಡಿ ಮುಂದೆ ಆಫ್ ಮಾಡಿಯೇ ಒಂದು ಸುತ್ತು ತುಳಿದರು. ಇಳಿದು, ಸೀಟು ಹಿಡಿದು ನಿಂತರು. ಕಣ್ಣು ತುಂಬಿತ್ತು.

"ನನ್ ಕಾಲೇ ಸತ್ತೋಯ್ತು ಅನ್ಕಂಡಿದ್ದೆ ಕಣಣ್ಣ," ಎಂದರು.

ಜೊತೆಗೆ ಬಂದಿದ್ದ ಬಸವರಾಜು ರಸ್ತೆ ಕಡೆ ತಿರುಗಿಕೊಂಡ. ಗಿರಿಜಮ್ಮ ಹಾಲಿನ ಕೆಲಸ ಬಿಡಲಿಲ್ಲ. ಮಂಡಿಯೇನೂ ವಾಸಿಯಾಗಲಿಲ್ಲ, ಇನ್ನಷ್ಟು ಕೆಡಲಿಲ್ಲ ಅಷ್ಟೇ.

ಇವತ್ತಿಗೂ ಜನ ಸ್ಪೀಡನ್ನೇ ಕೇಳುತ್ತಾರೆ. ನಾನು ಮೊದಲು ಕೇಳುವುದು, ಎಲ್ಲೆಲ್ಲಿ ಆಫ್ ಮಾಡುತ್ತೀರಿ ಎಂದು. ನಗುವವರು ನಗಲಿ. ಸೈಕಲ್ ಕೆಟ್ಟಿದೆ ಎನ್ನುವವರು ಅಂಗಡಿಗೆ ಬರುತ್ತಾರೆ. ತಮ್ಮ ಕಾಲೇ ಕೆಟ್ಟಿತು ಎಂದು ನಂಬಿದವರು ಬರುವುದೇ ಇಲ್ಲ.