ಹಾಫ್‌ಬ್ಯಾಕ್ ಪೀಟರನ ಅಜ್ಜಿಯ ಊರಿಗೆ

ತುಮಕೂರಿನಿಂದ ಬಸ್ಸು ಹೊರಟಾಗ ಬೆಳಗಿನ ಏಳು ಗಂಟೆ. ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ ಬಂದು, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಅದು ಓಡುತ್ತಿತ್ತು ಎನ್ನುವುದಕ್ಕಿಂತ ಮಂಜಿನಲ್ಲಿ ತೇಲುತ್ತಿತ್ತು ಎನ್ನಬೇಕು. ಮಧುಗಿರಿಗೆ ಇಪ್ಪತ್ತೇಳು ಮೈಲಿ, ತಲೆಗೆ ಹತ್ತಾಣೆ. ಪಕ್ಕದಲ್ಲಿ ನಮ್ಮ ಬೆಂಗಳೂರು ಫುಟ್‌ಬಾಲ್ ತಂಡದ ಹಾಫ್‌ಬ್ಯಾಕ್ ಪೀಟರ್ ತೂಕಡಿಸುತ್ತಿದ್ದ. ನಾನು ಅದೇ ತಂಡದ ಗೋಲ್‌ಕೀಪರ್.

ಪೀಟರನ ತಂದೆ ಕೋಲಾರದ ಗಣಿಯಲ್ಲಿದ್ದ ಬಿಳಿಯ ಎಂಜಿನಿಯರ್. ತಾಯಿ ಕೊಡಿಗೇನಹಳ್ಳಿಯ ಶೈವರ ಮನೆಯ ಹೆಣ್ಣು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಹೋದವಳು ಆತನನ್ನು ಮದುವೆಯಾದಳು. ಊರಿನಲ್ಲಿ ಮಗಳು ಸತ್ತಳೆಂದು ತಲೆಗೆ ಸ್ನಾನ ಮಾಡಿ ಸುಮ್ಮನಾದರು. ಈಗ ಅವನಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಚೆಂಡೇ ಅವನ ಹೊಟ್ಟೆಪಾಡು.

ಕಲ್ಕತ್ತೆಯ ಬಿಳಿಯರ ಕ್ಲಬ್ಬೊಂದು ಎರಡರಷ್ಟು ಸಂಬಳಕ್ಕೆ ಅವನನ್ನು ಕರೆದಿತ್ತು. ಷರತ್ತು ಒಂದೇ: ಅವನು ಬಿಳಿಯನೆಂದೇ ಹೇಳಿಕೊಳ್ಳಬೇಕು, ತಾಯಿಯ ಕಡೆಯ ಮಾತೆತ್ತಬಾರದು. ಮರುದಿನದೊಳಗೆ ತಂತಿ ಕೊಡಬೇಕಿತ್ತು. “ಅಜ್ಜಿಯ ಮುಖ ಒಮ್ಮೆ ನೋಡಿ ಆಮೇಲೆ ಹೇಳ್ತೀನಿ” ಎಂದು ಹೊರಟಿದ್ದ. ನಾನು ಜೊತೆಗೆ ಬಂದದ್ದು ಸ್ನೇಹಕ್ಕೆ ಎಂದು ಅವನು ತಿಳಿದಿದ್ದ. ನಿಜ ಹೇಳಬೇಕೆಂದರೆ, ಇವನು ಹೋದರೆ ಎದುರಾಳಿಗಳ ಚೆಂಡೆಲ್ಲ ನೇರ ನನ್ನ ಎದೆಗೇ ಬರುತ್ತದೆಂಬ ಭಯವೂ ಇತ್ತು.

ಕೊರಟಗೆರೆ ದಾಟಿದ ಮೇಲೆ ಒಂದು ಏರಿನಲ್ಲಿ ಬಸ್ಸು ಮುಷ್ಕರ ಹೂಡಿತು. ಎಲ್ಲರೂ ಇಳಿದು ತಳ್ಳಿದೆವು. ತಂದೆಯ ಬಿಳಿ ಬಣ್ಣವೇ ಬಂದಿದ್ದ ಪೀಟರ್ ಭುಜ ಕೊಡಲು ಬಂದರೆ ಕಂಡಕ್ಟರ್ ತಡೆದ. “ದೊರೆಗಳು ಒಳಗ್ ಕೂತ್ಕಳಿ ಬುದ್ಧಿ, ನಾವ್ ಅದೀವಲ್ಲ.” ಅವನೊಬ್ಬನೇ ಒಳಗೆ ಕೂತ, ಮುಖ ಸಣ್ಣದು ಮಾಡಿಕೊಂಡು. ಮಧುಗಿರಿಯ ಕಾಫಿ ಹೋಟೆಲಿನಲ್ಲೂ ಅವನಿಗೆ ಬೇರೆ ಕುರ್ಚಿ, ಪಿಂಗಾಣಿ ಬಟ್ಟಲು. ಹೊರಗೆ ಆ ಒಂಟಿ ಬಂಡೆಯ ಬೆಟ್ಟದ ಬುಡವನ್ನೆಲ್ಲ ಮಂಜು ನುಂಗಿತ್ತು. ಮೇಲಿನ ಕೋಟೆ ಮಾತ್ರ ಯಾವ ಊರಿಗೂ ಸೇರದೆ ಆಕಾಶದಲ್ಲಿ ನಿಂತಿತ್ತು. ಪೀಟರ್ ಕಾಫಿ ಆರುವವರೆಗೂ ಅದನ್ನೇ ನೋಡಿದ.

ಹಿಂದೂಪುರದ ಬಸ್ಸು ಹಿಡಿದು ಹನ್ನೆರಡು ಮೈಲಿ ಹೋದೆವು. ಕೊಯ್ಲಾದ ರಾಗಿ ಹೊಲ, ಹುಲ್ಲಿನ ಮೆದೆ, ಚಳಿಗಾಲದ ಬಿಸಿಲು. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತಿನಲ್ಲಿ ಕೊಡಿಗೇನಹಳ್ಳಿ ಬಂತು.

ಕೇಳಿಕೊಂಡು ಹೋದ ಮನೆಯ ಜಗಲಿಯ ಮೇಲೆ ಹಣೆತುಂಬ ವಿಭೂತಿ ಇಟ್ಟ ಮುದುಕಿಯೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. “ಅಜ್ಜಿ, ಇವನು ನಿಮ್ಮ ಗೌರವ್ವನ ಮಗ” ಎಂದೆ. ಸುಲಿಯುತ್ತಿದ್ದ ಕೈ ನಿಂತಿತು. ಅವರು ಅವನನ್ನು ಬಹಳ ಹೊತ್ತು ನೋಡಿದರು. ಕಡೆಗೆ, “ಕೈಕಾಲ್ ತೊಳ್ಕಳಿ, ಉಣ್ಣೋ ಹೊತ್ತಾಗದೆ” ಎಂದರು. ಆದರೆ ಒಳಗೆ ಕರೆಯಲಿಲ್ಲ. ಜಗಲಿಯಲ್ಲೇ ಎರಡು ಮುತ್ತುಗದ ಎಲೆ ಹಾಕಿದರು.

ಮುದ್ದೆ, ಅವರೆಕಾಳಿನ ಸಾರು. ಪೀಟರ್ ಹಲ್ಲಿಗೆ ತಾಕಿಸದೆ ಮುದ್ದೆ ನುಂಗಿದ.

“ನುಂಗೋದ ಯಾರಪ್ಪ ಕಲ್ಸಿದ್ದು?”

“ಅವ್ವ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. “ಏನ್ ಕೆಲ್ಸ ಮಾಡ್ತೀಯ?”

“ಚೆಂಡಾಟ ಆಡ್ತೀನಿ. ಹಿಂದಿನವರ ಹತ್ರ ಚೆಂಡು ಇಸ್ಕೊಂಡು ಮುಂದಿನವರಿಗೆ ಕೊಡೋದು. ಗೋಲು ಅವರು ಹೊಡೀತಾರೆ.”

“ಅಂಗಾರೆ ಬಡ್ಸೋ ಕೆಲ್ಸ ಅನ್ನು.” ಪೀಟರ್ ಆ ದಿನ ಮೊದಲ ಸಲ ನಕ್ಕ.

ಆ ಸೀಮೆಯಲ್ಲಿ ಉಂಡ ನೆಂಟನ ಎಲೆಯನ್ನು ಮನೆಯವರೇ ಎತ್ತುತ್ತಾರೆ. ಜಾತಿಗೆ ಹೊರಗಾದವನು ಮಾತ್ರ ತನ್ನ ಎಲೆ ತಾನೇ ಎತ್ತಿ, ನೆಲಕ್ಕೆ ಸಗಣಿ ಸಾರಿಸಿ ಹೋಗಬೇಕು. ಇದನ್ನು ಅವನಿಗೆ ತಾಯಿ ಹೇಳಿದ್ದಿರಬೇಕು. ಉಂಡವನೇ ಎಲೆ ಮಡಿಸಿ, ಕೈಯಲ್ಲಿ ಹಿಡಿದು ಎದ್ದ.

“ಕೆಳಗಿಕ್ಕು” ಎಂದರು ಅಜ್ಜಿ.

“ಪರವಾಗಿಲ್ಲ ಅಜ್ಜಿ, ನಾನೇ...”

ಪಕ್ಕದ ಮನೆಯ ಹೆಂಗಸು ಗೋಡೆಯ ಆಚೆಯಿಂದ ನೋಡುತ್ತಿದ್ದಳು. ಅಜ್ಜಿ ಅವಳಿಗೂ ಕೇಳುವಂತೆ ಹೇಳಿದರು: “ಬುಡು ಅತ್ಲಾಗೆ. ನನ್ ಮೊಮ್ಮಗನ ಎಲೆ ನಾನ್ ಎತ್ಬಾರ್ದೇನ್ಲಾ?” ಬಗ್ಗಿ ಅವನ ಎಲೆಯನ್ನು ಮೊದಲು ಎತ್ತಿದರು, ಆಮೇಲೆ ನನ್ನದು. ನನಗೆ ಅಳು ಬಂತು. ನಾಚಿಕೆಪಡದೆ ಅತ್ತೆ.

ಸಂಜೆಯವರೆಗೆ ನಡುಮನೆಯಲ್ಲಿ ಕೂತಿದ್ದೆವು. ಹೊರಡುವಾಗ ಪೀಟರ್ ಕಲ್ಕತ್ತೆಯ ಮಾತನ್ನೂ ಷರತ್ತನ್ನೂ ಮುಚ್ಚಿಡದೆ ಹೇಳಿದ. ಅಜ್ಜಿ ಅವನ ಕೆನ್ನೆ ಸವರಿದರು.

“ಹೋಗ್ ಮಗ, ದೊಡ್ಡೂರಲ್ಲಿ ಚೆನ್ನಾಗ್ ಬಾಳು. ಆದ್ರೆ ನಿಮ್ಮವ್ವನ್ನ ಇನ್ನೊಂದ್ ಕಿತ ಸಾಯಿಸ್ಬ್ಯಾಡ. ನಾವ್ ಮಾಡಿದ್ದೇ ಸಾಕು.”

ಮಧುಗಿರಿಯ ತಂತಿ ಕಚೇರಿ ಬಾಗಿಲು ಹಾಕುವುದರಲ್ಲಿತ್ತು. ಪೀಟರ್ ಬರೆದ ಕಾಗದವನ್ನು ಅವನ ಭುಜದ ಮೇಲಿಂದ ಓದಿದೆ: ಬರುತ್ತೇನೆ, ನನ್ನ ತಾಯಿ ಕೊಡಿಗೇನಹಳ್ಳಿಯ ಗೌರವ್ವ. ಇದು ತಲುಪಿದ ಮೇಲೆ ಕಲ್ಕತ್ತೆಯವರು ಅವನನ್ನು ಕರೆಯುವುದಿಲ್ಲವೆಂದು ನನಗೆ ಗೊತ್ತಾಯಿತು. ಅವನಿಗೂ ಗೊತ್ತಿತ್ತು. ನನ್ನ ಹಾಫ್‌ಬ್ಯಾಕ್ ನನಗೆ ಉಳಿದ, ಆದರೆ ಖುಷಿಪಡಲು ಮನಸ್ಸು ಬರಲಿಲ್ಲ.

ಗುಮಾಸ್ತ ಕನ್ನಡಕ ಏರಿಸಿ ಕೇಳಿದ, “ಅಮ್ಮನವರ ಹೆಸರು ಯಾಕೆ ಸಾರ್? ಬರ್ತೀನಿ ಅಂದ್ರೆ ಸಾಕಲ್ಲ?”

“ಅದನ್ನೇ ಮೊದಲು ಹಾಕಿ” ಎಂದ ಪೀಟರ್. “ಬರ್ತೀನಿ ಅನ್ನೋದು ಆಮೇಲೆ.”