ಎಲ್ಲದಕ್ಕೂ ‘ಇಲ್ಲ’

ರಾಮನಗರದ ಗಾರ್ಮೆಂಟ್ಸ್ ಒಂದರಲ್ಲಿ ನಾನು ವೆಲ್‌ಫೇರ್ ಆಫೀಸರ್. ಹೆಸರೇನೋ ದೊಡ್ಡದು. ಕೆಲಸ ಅಂದರೆ ತಲೆಸುತ್ತಿ ಬಿದ್ದವರಿಗೆ ಗ್ಲೂಕೋಸ್ ಕಲಸಿ ಕೊಡುವುದು, ಅತ್ತವರಿಗೆ ‘ಮುಖ ತೊಳ್ಕೊಂಡು ಹೋಗಮ್ಮ’ ಅನ್ನುವುದು.

ಒಂದು ದಿನ ಮ್ಯಾನೇಜರ್ ನನ್ನ ಮೇಜಿನ ಮೇಲೆ ಫಾರಂಗಳ ಕಟ್ಟು ಇಟ್ಟರು. ಕೆಲಸಗಾರರ ಮನಸ್ಸಿನ ಆರೋಗ್ಯವೂ ಕಂಪನಿಯ ಹೊಣೆಯಂತೆ. ನಮ್ಮಿಂದ ಬಟ್ಟೆ ಕೊಳ್ಳುವ ಕಂಪನಿಯವರು ಮಾರನೆಯ ದಿನ ತಪಾಸಣೆಗೆ ಬರುತ್ತಾರಂತೆ. ಕೆಲಸದಲ್ಲಿ ಭಯವಾಗುತ್ತದೆಯೇ? ಮೇಲಿನವರು ಬೈಯುತ್ತಾರೆಯೇ? ನಿದ್ದೆಗೆ ತೊಂದರೆ ಇದೆಯೇ? ಒಬ್ಬೊಬ್ಬರನ್ನೇ ಕರೆದು ಕೇಳಬೇಕು. ಮಷೀನ್ ಬಿಟ್ಟು ಎದ್ದರೆ ಟಾರ್ಗೆಟ್ ಕೆಡುತ್ತದೆ. ಹಾಗಾಗಿ ಮನೆಗೆ ಹೊರಡುವವರನ್ನು ಗೇಟಿನಲ್ಲೇ ನಿಲ್ಲಿಸಿ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡೆ. ಆಮೇಲೆ ಕೂತು ಎಲ್ಲದಕ್ಕೂ ‘ಇಲ್ಲ’ ಅಂತ ನಾನೇ ಟಿಕ್ ಹಾಕಿದೆ. ನಮ್ಮಲ್ಲಿ ಯಾವ ಫಾರಂ ಆದರೂ ಹೀಗೇ ತುಂಬುವುದು. ಬೆರಳು ನೋಯಿತು, ಅಷ್ಟೇ.

ಎರಡು ವಾರ ಕಳೆದಿರಬೇಕು. ವಿರೂಪಾಕ್ಷಿಪುರದ ಕಡೆಯಿಂದ ಬರುತ್ತಿದ್ದ, ಕಾಲರ್ ಹೊಲಿಯುವ ಹೆಂಗಸು ನನ್ನ ಬಾಗಿಲಲ್ಲಿ ನಿಂತಳು.

“ಮೇಡಂ, ಆ ಲೈನಲ್ಲಿ ನನ್ ಕೈಲಿ ಆಗಾಕಿಲ್ಲ. ಸೂಪರ್‌ವೈಸರ್ ಹಿಂದ್ಗಡೆ ಬಂದು ಕೂಗಿದ್ರೆ ಸೂಜೀನೇ ಕಾಣಾಕಿಲ್ಲ. ಹೊಲ್ದಿದ್ದು ನೋಡೋ ಚೆಕಿಂಗ್‌ಗೆ ಹಾಕ್ಸಿ. ಇಲ್ದಿದ್ರೆ ಕೆಲ್ಸ ಬುಟ್ಬುಡ್ಬೇಕಾಯ್ತದೆ.”

ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದೆ. ಕೆಟ್ಟ ಮನುಷ್ಯನೇನಲ್ಲ, ಕೂರಲು ಹೇಳಿದರು, ಫೈಲು ತೆಗೆದರು. “ಭಯ ಇಲ್ಲ, ಯಾರೂ ಬೈಯಲ್ಲ ಅಂತ ಇದೆಯಲ್ಲಮ್ಮ. ಸಹಿ ನಿಂದೇ ತಾನೆ?”

ಅವಳು ಕಾಗದ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಟಿಕ್ ಹಾಕಿದ್ದು ನಾನು ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ನಾಚಿಕೆಯಾದರೂ ಆಗಬೇಕಿತ್ತು, ಅದೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ದವಡೆ ಮರಗಟ್ಟಿರುತ್ತದಲ್ಲ, ಹಾಗಿದ್ದೆ.

“ಹೂಂ ಸಾ, ನಂದೇಯ,” ಅಂದಳು ಅವಳು.

ಆ ಶನಿವಾರ ಕೆಲಸ ಬಿಟ್ಟಳು. ದಾರ ಕತ್ತರಿಸುವ ಪುಟ್ಟ ಕತ್ತರಿ, ಕೊರಳ ಕಾರ್ಡು ಎರಡನ್ನೂ ತಂದು ನನ್ನ ಮುಂದಿಟ್ಟಳು. ಕೆಲಸ ಬಿಡುವವರ ಅರ್ಜಿ ಬರೆದುಕೊಡುವುದೂ ನನ್ನ ಕೆಲಸವೇ. ಬರೆದು, ಸಹಿ ಮಾಡಲು ಪೆನ್ನು ಚಾಚಿದೆ. ಈ ಸಲ ಅವಳು ಪೆನ್ನು ಮುಟ್ಟಲಿಲ್ಲ.

“ಏನ್ ಬರ್ದಿದ್ದೀರಿ, ಒಸಿ ಓದಿ ಮೇಡಂ.”

“ಮನೆ ಕಡೆಯ ತೊಂದರೆಯಿಂದ ಕೆಲಸ ಬಿಡುತ್ತಿದ್ದೇನೆ,” ಓದಿದೆ. ನಮ್ಮಲ್ಲಿ ಯಾರು ಬಿಟ್ಟರೂ ಅದೇ ಕಾರಣ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಅದು ನಾನೇ.

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಹೊರಟವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು.

“ಕಣ್ಣೆಲ್ಲಾ ಕೆಂಪಗವೆ. ರಾತ್ರಿ ನಿದ್ದೆ ಬರಾಕಿಲ್ವಾ ಮೇಡಂ?”

ನಾನು ‘ಇಲ್ಲ’ ಅಂತ ತುಂಬಿದ ಆ ಕಟ್ಟಿನಲ್ಲಿ ನನ್ನದೂ ಒಂದು ಫಾರಂ ಇತ್ತು. ಆ ಪ್ರಶ್ನೆಯನ್ನು ಒಬ್ಬರು ಬಾಯಿಬಿಟ್ಟು ನನ್ನನ್ನು ಕೇಳಿದ್ದು ಅದೇ ಮೊದಲು.

“ಹಾಗೇನಿಲ್ಲಮ್ಮ, ಚೆನ್ನಾಗೇ ಬರುತ್ತೆ,” ಅಂದೆ.