ಮಿಕ್ಸ್ ಆದವರು ಯಾರು

ಡಾಕ್ಟರಬಾಯಿ ನಮ್ಮ ಅಂಗಡಿಗೆ ಮೊದಲ ಸಲ ಬಂದದ್ದು ಮೇಣದಬತ್ತಿ ಕೊಳ್ಳುವುದಕ್ಕೆ. ಭೂಕಂಪವಾಗಿ ಆಗಿನ್ನೂ ಒಂದೆರಡು ತಿಂಗಳು. ನಮ್ಮ ಉಮರ್ಗಾ ಪೇಟೆಯಲ್ಲಿ ಗೋಡೆ ಬಿರಿದಿದ್ದವೇ ಹೊರತು ಮನೆ ಬಿದ್ದಿರಲಿಲ್ಲ. ಆದರೂ ಒಳಗೆ ಮಲಗುವ ಧೈರ್ಯ ಯಾರಿಗೂ ಇರಲಿಲ್ಲ. ಉದಗೀರದ ಕಾಲೇಜು ಮುಚ್ಚಿದ್ದರಿಂದ ನಾನು ಮನೆಗೆ ಬಂದು ಕೂತಿದ್ದೆ.

ಬಾಯಿ ಕೇರಳದ ಕಡೆಯವರು. ಮನಸ್ಸಿನ ಕಾಯಿಲೆಯ ಡಾಕ್ಟರು. ಮನೆಯವರನ್ನು ಕಳಕೊಂಡವರ ಜೊತೆ ಕೂತು ಮಾತಾಡುವುದೇ ಅವರ ಕೆಲಸ ಅಂತ ಕೇಳಿ ನಮ್ಮ ಅಪ್ಪನಿಗೆ ಆಶ್ಚರ್ಯವಾಗಿತ್ತು. ಅವರಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಮರಾಠಿ ಹಳ್ಳಿಗಳಿಗೆ ಅವರ ಜೊತೆ ಹೋಗುವವರು ಸಿಕ್ಕಿದ್ದರು. ತುರೋರಿಯಿಂದ ಒಳಗಿರುವ ಕುರಿ ಸಾಕುವವರ ಹಳ್ಳಿಯಲ್ಲಿ ಹೆಂಗಸರು ಬರೀ ಕನ್ನಡದವರು. ಅಲ್ಲಿಗೆ ಹೋಗಲು ಯಾರೂ ಸಿಕ್ಕಿರಲಿಲ್ಲ. ಅಪ್ಪ ಸಕ್ಕರೆ ತೂಗುತ್ತಲೇ, ನಮ್ಮ ಹುಡುಗಿ ಇಂಗ್ಲಿಷ್ ಮಾತಾಡುತ್ತಾಳೆ ಅಂದುಬಿಟ್ಟ. ನಾನು ಅಲ್ಲಿಯವರೆಗೆ ಜೀವಂತ ಮನುಷ್ಯರೊಬ್ಬರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ.

ನನ್ನ ಇಂಗ್ಲಿಷ್ ಬಂದ ದಾರಿಯೇ ಸುತ್ತು ದಾರಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇಂಗ್ಲಿಷ್ ಮಾತಿನ ಅರ್ಥವನ್ನು ಗುರುಗಳು ಮರಾಠಿಯಲ್ಲಿ ಹೇಳುತ್ತಿದ್ದರು, ಅದನ್ನು ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತಿದ್ದೆ. ಮಿಕ್ಸ್ ಅಂದರೆ ಮಿಸಳಣೇ ಎಂದು ಅವರು ಹೇಳಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಬಸ್‌ಸ್ಟ್ಯಾಂಡ್ ಹೋಟೆಲಿನ ಮಿಸಳ್ ಎಂಬ ಕೆಂಪು ತಿಂಡಿ. ಮನೆಯಲ್ಲಿ ಅವ್ವ ಹಿಟ್ಟು ಕಲಸುತ್ತಿದ್ದಳು, ಸಾರು ತಿರುವುತ್ತಿದ್ದಳು, ಮಜ್ಜಿಗೆಗೆ ನೀರು ಬೆರೆಸುತ್ತಿದ್ದಳು, ಎರಡು ಡಬ್ಬಿಯ ಬೇಳೆ ಒಂದಕ್ಕೆ ಕೂಡಿಸುತ್ತಿದ್ದಳು. ಇಷ್ಟಕ್ಕೂ ಇಂಗ್ಲಿಷಿನವರು ಒಂದೇ ಮಾತಿನಲ್ಲಿ ಹೇಗೆ ಮುಗಿಸುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಿರಲೂ ಇಲ್ಲ.

ಆ ಹಳ್ಳಿಯವರು ಬಿದ್ದ ಮನೆಗಳ ಹೊರಗೆ ಪತ್ರಾದ, ಅಂದರೆ ತಗಡಿನ, ಶೆಡ್‌ಗಳಲ್ಲಿದ್ದರು. ನಾವು ಹೋದ ದಿನ ಹೊರಗಿನಿಂದ ಬಂದ ಬಟ್ಟೆಯ ಗಂಟುಗಳನ್ನು ಬಿಚ್ಚಿದ್ದರು. ಮಕ್ಕಳ ಅಂಗಿ, ದೊಡ್ಡವರ ಪ್ಯಾಂಟು, ಹೊದಿಕೆ ಎಲ್ಲ ಒಂದೇ ರಾಶಿ. ಬಾಯಿ ಅದನ್ನು ನೋಡಿ ತಲೆ ಅಲ್ಲಾಡಿಸಿ, ಎಲ್ಲಾ ಮಿಕ್ಸ್ ಅಪ್ ಆಗಿದೆ ಅಂದರು. ಹಾಗಾದರೆ ಬೇರೆ ಬೇರೆ ಇರಬೇಕಾದದ್ದು ಒಂದರೊಳಗೊಂದು ಸೇರಿಕೊಂಡರೆ ಮಿಕ್ಸ್ ಅಪ್ ಎನ್ನಬೇಕು ಎಂದು ನಾನು ಕಲಿತುಕೊಂಡೆ. ಹೊಸ ಮಾತು ಸಿಕ್ಕಿತೆಂದು ಖುಷಿಯೂ ಆಯಿತು.

ಶೆಡ್‌ಗಳ ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಕೂತಿದ್ದಳು. ನನ್ನ ಅವ್ವನಿಗಿಂತ ಸ್ವಲ್ಪ ಸಣ್ಣವಳು. ಉಳಿದ ಹೆಂಗಸರೆಲ್ಲ ಒಂದು ಕಡೆ ಕೂತು ಬಟ್ಟೆ ಆರಿಸುತ್ತಿದ್ದರೂ ಆಕೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಗಂಡ ಗೋಡೆಯಡಿ ಸತ್ತಿದ್ದ. ಅವನೂ ಅವನ ತಮ್ಮನೂ ಹೊಲದಲ್ಲಿ ಬೆಳೆ ಕಾಯಲು ಸರದಿಯಂತೆ ಮಲಗುತ್ತಿದ್ದರಂತೆ. ಭೂಮಿ ನಡುಗಿದ ರಾತ್ರಿ ತಮ್ಮನ ಸರದಿ, ಅಣ್ಣ ಮನೆಯಲ್ಲಿದ್ದ. ಇದನ್ನು ನಮಗೆ ಹೇಳಿದ್ದು ಪಕ್ಕದ ಶೆಡ್ಡಿನವರು.

ಬಾಯಿ ಆಕೆಯ ಎದುರು ನೆಲದ ಮೇಲೆ ಕೂತು ನನ್ನ ಕಡೆ ನೋಡಿದರು. ಈಕೆ ಜನರ ಜೊತೆ ಮಿಕ್ಸ್ ಆಗುತ್ತಾಳಾ, ಕೇಳು ಅಂದರು.

ನನಗೆ ತಕ್ಷಣ ಹೊಳೆದದ್ದು ಕಲೆಯುವುದು, ಅಂದರೆ ಕೂಡಿಕೊಳ್ಳುವುದು, ಎಂಬ ಮಾತು. ನಮ್ಮ ಬಾಯಲ್ಲಿ ಮನೆ ಮನಿಯಾಗುವ ಹಾಗೆ ಕಲೆ ಎನ್ನುವುದೂ ಕಲಿ ಎಂದೇ ಬರುತ್ತದೆ.

"ಅಕ್ಕಾ, ನೀವು ಮಂದ್ಯಾಗ ಕಲೀತೀರೇನ್ರಿ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ವಯಸ್ಸಿನ್ಯಾಗ ನಾ ಏನ್ ಕಲೀಲಿ ತಂಗಿ? ನಾ ಸಾಲಿ ಕಟ್ಟಿನೂ ಹತ್ತಿಲ್ಲ."

ನಾನು ಗಾಬರಿಯಾಗಿ ಮಾತು ಬದಲಿಸಿದೆ. ಮಂದಿ ಕೂಡ ಬೆರೀತೀರೇನ್ರಿ ಎಂದೆ. ಅದು ಇನ್ನೂ ಕೆಟ್ಟಿತು. ನಮ್ಮ ಕಡೆ ಒಳಗೊಂದು ಹೊರಗೊಂದು ಇರುವವರಿಗೆ ಬೆರಿಕಿ ಅನ್ನುತ್ತಾರೆ. ಆಕೆಗೆ ಕೇಳಿಸಿದ್ದು ಅದೇ. ನನಗೆ ಬೆರಿಕಿ ಅಂತ ಹೇಳಿದವರು ಯಾರು, ನೆಗೆಣ್ಣಿ ಹೇಳಿದಳಾ ಎಂದು ಕೇಳಿದಳು. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ. ಬಟ್ಟೆ ಆರಿಸುತ್ತಿದ್ದವರಲ್ಲಿ ಒಬ್ಬಳು ತಲೆಯೆತ್ತಿ ನಮ್ಮ ಕಡೆ ನೋಡಿದಳು.

ಇಲ್ಲರಿ, ಹಾಂಗಲ್ಲ, ಬೆರಿಯೂದು ಅಂದ್ರ ಕೂಡೂದು ಎಂದೆಲ್ಲ ನಾನು ತಡವರಿಸುತ್ತಿದ್ದಾಗ ಆಕೆ ದನಿ ಇಳಿಸಿ ಹೇಳಿದಳು:

"ಬೆರತದ್ದು ನಾ ಅಲ್ಲ ತಂಗಿ. ನನ್ನ ಕುರಿ ಬೆರತಾವ."

ಮನೆ ಬಿದ್ದಾಗ ಹಿತ್ತಲಿನ ಹಟ್ಟಿಯೂ ಬಿದ್ದು ಆಕೆಯ ಪಾಲಿನ ಕುರಿಗಳು ದಿಕ್ಕಾಪಾಲಾಗಿ ಓಡಿದ್ದವು. ಮೈದುನ ಅವನ್ನು ಹುಡುಕಿ ತಂದು ತನ್ನ ಹಿಂಡಿನಲ್ಲಿ ಬಿಟ್ಟುಕೊಂಡಿದ್ದ. ದೊಡ್ಡ ಕುರಿಗಳ ಕಿವಿಗೆ ಅವರವರ ಗುರುತು ಕೊಯ್ದಿತ್ತು. ಆಮೇಲೆ ಹುಟ್ಟಿದ ಮರಿಗಳಿಗೆ ಯಾರ ಗುರುತೂ ಇಲ್ಲ. ನನ್ನವು ನನಗೆ ಬೇರೆ ಮಾಡಿ ಕೊಡು ಅಂದರೆ ಮೈದುನ ಕೇಳುತ್ತಿಲ್ಲ ಎಂದಳು.

ಇಷ್ಟನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ಶಕ್ತಿ ನನಗೆಲ್ಲಿ? ಹೊಸದಾಗಿ ಕಲಿತ ಮಾತೊಂದಿತ್ತು. ಗಾಳಿಗೆ ಪತ್ರಾ ಬಡಬಡ ಅನ್ನುತ್ತಿತ್ತು. "ಶೀಪ್ ಈಸ್ ಮಿಕ್ಸ್ಡ್ ಅಪ್" ಎಂದೆ.

ಬಾಯಿಯವರ ಮುಖ ಸಣ್ಣದಾಯಿತು. ಆಕೆಯ ಕೈ ಹಿಡಿದುಕೊಂಡರು. ಕುರಿಯ ಸಂಗತಿಗೆ ಇಷ್ಟೊಂದು ಮರುಗುವ ಡಾಕ್ಟರು ಇರುತ್ತಾರಾ ಎಂದು ನನಗೆ ಅವರ ಮೇಲೆ ಗೌರವ ಬಂತು. ಯಾವಾಗಿನಿಂದ ಹೀಗೆ ಎಂದು ಕೇಳಿಸಿದರು. ಭೂಮಿ ನಡುಗಿದ ದಿನದಿಂದ ಎಂದಳು. ನಿದ್ದೆ ಬರುತ್ತದಾ ಎಂದರು. ಇದೇ ಚಿಂತೆಯಲ್ಲಿ ಎಲ್ಲಿ ಬರಬೇಕು ಎಂದಳು. ಮನೆಯವರಿಗೆ ಹೇಳಿದ್ದಾಳಾ ಎಂದರು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದಳು. ನಾನು ಒಂದೊಂದನ್ನೂ ತಪ್ಪಿಲ್ಲದೆ ಹೇಳುತ್ತಾ ಹೋದೆ. ಕೆಲಸ ಸುಸೂತ್ರವಾಗಿ ನಡೆದಿದೆ ಎಂದೇ ನನ್ನ ಭಾವನೆ.

ಕೊನೆಗೆ ಬಾಯಿ, ಉದಗೀರದಲ್ಲಿ ನನಗೆ ಗೊತ್ತಿರುವ ದೊಡ್ಡ ಡಾಕ್ಟರೊಬ್ಬರಿದ್ದಾರೆ, ಇಂಥದ್ದನ್ನು ಬಹಳ ನೋಡಿದವರು, ಮುಂದಿನ ವಾರ ಜೀಪಿನಲ್ಲಿ ಅಲ್ಲಿಗೆ ಹೋಗೋಣ ಅಂದರು. ಉದಗೀರದಲ್ಲಿ ದನಕರುಗಳ ಡಾಕ್ಟರಿಕೆ ಕಲಿಯುವ ಹುಡುಗರನ್ನು ನಾನು ದಿನಾ ನೋಡುತ್ತಿದ್ದವಳು. ನನಗೆ ಅನುಮಾನವೇ ಬರಲಿಲ್ಲ. ಕುರಿಯ ಡಾಕ್ಟರೇನು ಎಂದು ಆಕೆ ಕೇಳಿದಾಗ ಹೌದೆಂದೆ. ಹಾಗಾದರೆ ಕುರಿ ತರಬೇಕಲ್ಲ ಎಂದಳು. ಹಿಂಡೆಲ್ಲ ಜೀಪಿನಲ್ಲಿ ಹಿಡಿಯುವುದಿಲ್ಲ, ಒಂದೆರಡು ಮರಿ ತಂದರೆ ಸಾಕಾದೀತು ಎಂದು ನಾನೇ ಹೇಳಿದೆ. ಮರಿಯ ರಕ್ತ ನೋಡಿ ತಾಯಿ ಯಾವುದೆಂದು ಹೇಳುವ ಹೊಸ ವಿದ್ಯೆ ಬಂದಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಮನೆಗೆ ಬಂದೆ.

ಮುಂದಿನ ವಾರ ಜೀಪು ಹೋಗುವಷ್ಟರಲ್ಲಿ ಆಕೆ ಮಿಂದು, ಒಳ್ಳೆಯ ಸೀರೆ ಉಟ್ಟು, ಬುಟ್ಟಿಯಲ್ಲಿ ಎರಡು ಮರಿ ಇಟ್ಟುಕೊಂಡು ರಸ್ತೆಗೇ ಬಂದು ನಿಂತಿದ್ದಳು. ಮುಖದಲ್ಲಿ ಗೆಲುವಿತ್ತು. ಬಾಯಿ ಜೀಪಿನಿಂದ ಇಳಿದು ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು. ಇವನ್ನೇಕೆ ತಂದಿದ್ದಾಳೆ ಎಂದರು. ಡಾಕ್ಟರಿಗೆ ತೋರಿಸಲಿಕ್ಕೆ ಎಂದೆ. ಮರಿಗಳನ್ನು ಬಿಟ್ಟು ಇರಲಾರದಷ್ಟು ಹಚ್ಚಿಕೊಂಡಿದ್ದಾಳಾ ಎಂದು ಅವರು ಕೇಳಿದರು. ಹಚ್ಚಿಕೊಳ್ಳುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಡಾಕ್ಟರು ನೋಡಬೇಕಾದದ್ದು ಮರಿಗಳನ್ನೇ ಅಲ್ಲವೇ ಎಂದು ನಾನು ತಿರುಗಿ ಕೇಳಿದೆ.

ಅಷ್ಟರಲ್ಲಿ ಮೈದುನ ಓಡುತ್ತಾ ಬಂದ. ಮರಿ ಕಾಣದೆ ಹುಡುಕುತ್ತಾ ಬಂದವನಿಗೆ ದಾರಿಯಲ್ಲಿ ಯಾರೋ, ನಿನ್ನ ಅತ್ತಿಗೆಯನ್ನು ತಲೆ ಕೆಟ್ಟವರ ದವಾಖಾನೆಗೆ ಒಯ್ಯುತ್ತಿದ್ದಾರೆ ಎಂದಿದ್ದರು. ಜೀಪಿನ ಚಾಲಕನಿಂದ ಸುದ್ದಿ ಹೊರಬಿದ್ದಿತ್ತಂತೆ. ಅವನು ಮರಿಗಳ ಮಾತೇ ಎತ್ತಲಿಲ್ಲ. ಬುಟ್ಟಿಗೂ ಜೀಪಿಗೂ ನಡುವೆ ನಿಂತು ಕೈ ಮುಗಿದ.

"ನಮ್ಮ ವೈನಿ ಹುಚ್ಚಿ ಅಲ್ರಿ ಬಾಯಿ. ಆಕಿಗಿ ಕುರಿ ಬ್ಯಾರೆ ಬೇಕಾಗ್ಯಾವ, ಅಷ್ಟಾ. ಮಾಡಿ ಕೊಡ್ತೀನಿ. ದವಾಖಾನಿಗಿ ಒಯ್ಯಬ್ಯಾಡ್ರಿ."

ಹುಚ್ಚಿ ಎಂಬ ಮಾತು ಕೇಳಿ ಆಕೆ ನನ್ನ ಕಡೆ ತಿರುಗಿದಳು. ಆ ನೋಟ ತಪ್ಪಿಸಿ ನಾನು ಬಾಯಿಯ ಕಡೆ ತಿರುಗಿದೆ. ಬಾಯಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹಟ್ಟಿ, ಹಿಂಡು, ಕಿವಿಯ ಗುರುತು, ಮರಿ. ಮಾತು ಸಿಗದ ಕಡೆ ಕೈಯಿಂದ ತೋರಿಸಿದೆ. ಅವರು ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಿಕ್ಸ್ ಅಪ್ ಆದದ್ದು ಕುರಿಯಾ ಎಂದು ಕೇಳಿದರು. ಹೌದು, ಅಂದೇ ಹೇಳಿದ್ದೆನಲ್ಲ ಎಂದೆ. ಇಲ್ಲ, ನೀನು ಶೀ, ಅಂದರೆ ಈಕೆ, ಅಂದೆಯಲ್ಲ ಎಂದರು. ಶೀಪ್ ಎಂದೆನೆಂದು ನಾನು. ಮನುಷ್ಯರಿಗೆ ಮಿಕ್ಸ್ ಅಪ್ ಎಂದರೆ ತಲೆಯೊಳಗೆ ಗೊಂದಲವಾಗಿದೆ, ಏನು ಯಾವುದೆಂದು ತಿಳಿಯದಂತಾಗಿದೆ ಎಂದು ಅರ್ಥ ಎಂದು ಅವರು ಆಗ ಬಿಡಿಸಿ ಹೇಳಿದರು. ಗಾಳಿಯಲ್ಲಿ ಆ ಕೊನೆಯ ಅಕ್ಷರ ಹಾರಿಹೋಯಿತೋ, ನಾನು ನುಂಗಿದೆನೋ, ಅವರು ಕೇಳಬೇಕೆಂದುಕೊಂಡದ್ದನ್ನೇ ಕೇಳಿದರೋ, ಇವತ್ತಿಗೂ ನನಗೆ ಖಾತ್ರಿ ಇಲ್ಲ.

ಆಮೇಲೆ ಮೈದುನ ಇನ್ನೊಂದು ಮಾತು ಹೇಳಿದ. ಹಿಂಡು ಬೇರೆ ಮಾಡದೆ ಇದ್ದದ್ದು ಕುರಿಯ ಆಸೆಗಲ್ಲವಂತೆ. ಅಣ್ಣ ಸತ್ತ ಕೂಡಲೇ ಪಾಲು ಮಾಡಿದರೆ, ವಿಧವೆ ಅತ್ತಿಗೆಯನ್ನು ಹೊರಗೆ ಹಾಕಿದ ಎಂದು ಕುಲದವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಎಲ್ಲ ಕೂಡಿ ಇರಲಿ ಎಂದು ಅವನು. ನನ್ನವು ಮುಳುಗಿಹೋದವು ಎಂದು ಆಕೆ. ಇಬ್ಬರದೂ ನಿಜವೆನ್ನಿಸಿ ನನಗೆ ಯಾರ ಕಡೆ ನಿಲ್ಲಬೇಕೋ ತಿಳಿಯದಾಯಿತು. ಬಾಯಿ ಚಾಲಕನಿಗೆ ಜೀಪು ತಿರುಗಿಸಲು ಹೇಳಿದರು. ಉದಗೀರದ ಪ್ರಯಾಣ ಅಲ್ಲಿಗೆ ನಿಂತಿತು.

ಮರುದಿನ ಸಂಜೆ ಹಿಂಡು ಬೇರೆ ಮಾಡುವುದನ್ನು ನೋಡಲು ನಾವಿಬ್ಬರೂ ಹೋದೆವು. ಮರಿಗಳನ್ನೆಲ್ಲ ಬಲೆ ಕಟ್ಟಿ ಕೂಡಿಹಾಕಿದ್ದರು. ಗುರುತು ನೋಡಿ ಆಕೆಯ ಕುರಿಗಳನ್ನು ಒಂದು ಕಡೆ, ಮೈದುನನವನ್ನು ಇನ್ನೊಂದು ಕಡೆ ನಿಲ್ಲಿಸಿದ್ದರು. ಮೈದುನ ಕುಲದೇವರು ಬೀರಪ್ಪನ ಹೆಸರು ಹೇಳಿ ಬಲೆ ಎತ್ತಿದ. ಹಸಿದ ಮರಿಗಳು ಒಮ್ಮೆಲೇ ನುಗ್ಗಿ, ಮೂಸಿ, ಒದೆಸಿಕೊಂಡು, ಮತ್ತೆ ಹುಡುಕಿ, ತಮ್ಮ ತಮ್ಮ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು. ಆ ಧೂಳು, ಕೂಗಾಟದ ನಡುವೆ ಬಾಯಿ ನನ್ನ ತೋಳು ಹಿಡಿದುಕೊಂಡು ನಗುತ್ತಿದ್ದರು.

ಒಂದು ಕರಿಯ ಮರಿ ಮಾತ್ರ ಆಕೆಯ ಕುರಿಯೊಂದರ ಹಾಲು ಕುಡಿದು, ಆಮೇಲೆ ಮೈದುನನ ಕುರಿಯ ಹತ್ತಿರ ಹೋಗಿ ಅಲ್ಲೂ ಕುಡಿಯಿತು. ಎರಡೂ ಸುಮ್ಮನೆ ನಿಂತು ಕುಡಿಸಿದವು. ಅದು ಯಾರದು ಎಂಬ ಮಾತು ಬಂತು. ನಿನ್ನದೇ ಇರಲಿ ಎಂದು ಅವನು, ಬೇಡ ನಿನ್ನದೇ ಎಂದು ಆಕೆ; ಬಹಳ ಹೊತ್ತು ಹೀಗೇ ನಡೆಯಿತು. ನೆಗೆಣ್ಣಿ ಬಂದು ಮರಿಯನ್ನು ಎತ್ತಿಕೊಂಡು ಆಕೆಯ ಮಡಿಲಿಗೆ ಹಾಕಿ ಒಲೆಯ ಕಡೆ ಹೋದಳು.

ಚಳಿಗಾಲ ಮುಗಿಯುವಾಗ ಬಾಯಿ ತಮ್ಮ ಊರಿಗೆ ಹೋದರು. ನನ್ನ ಕಾಲೇಜೂ ಶುರುವಾಯಿತು. ನಾನು ಕಾಲೇಜಿಗೆ ಹೊರಡುವ ಮುಂಚೆ ಆ ಹಳ್ಳಿಗೆ ಒಬ್ಬಳೇ ಹೋಗಿ ಬಂದೆ. ಹೊಲದಲ್ಲಿ ಎರಡೂ ಹಿಂಡು ಮತ್ತೆ ಒಂದಾಗಿ ಮೇಯುತ್ತಿದ್ದವು. ನೆಗೆಣ್ಣಿ ಒಂದು ತುದಿಯಲ್ಲಿ, ಆಕೆ ಇನ್ನೊಂದು ತುದಿಯಲ್ಲಿ ಕೋಲು ಹಿಡಿದು ನಿಂತಿದ್ದರು. ಹೀಗೆ ಕೂಡಿಯೇ ಮೇಯಿಸುವುದಾಗಿದ್ದರೆ ಅಷ್ಟೊಂದು ಜಗಳ ಯಾಕೆ ಬೇಕಿತ್ತು ಎಂದು ಕೇಳಿದೆ.

ಆಕೆ ಕಿವಿಯ ತುದಿ ಸೀಳಿದ್ದ ಒಂದು ಮುದಿ ಕುರಿಯನ್ನು ಕೋಲಿನಿಂದ ತೋರಿಸಿದಳು.

"ನಮ್ಮ ಯಜಮಾನ್ರ ಕೈಲೆ ಗುರುತು ಮಾಡಿದ್ದು ಯಾವುದು ಅಂತ ನನಗ ಗೊತ್ತಿರಬೇಕಲ್ಲ ತಂಗಿ. ಅಂದು ಯಾವುದೂ ಗೊತ್ತಾಗಲಾರದಂಗ ಆಗಿತ್ತು."

ಈ ಮಾತನ್ನು ಬಾಯಿಯವರಿಗೆ ಹೇಳಬೇಕು ಎನ್ನಿಸಿತು. ಅವರು ಹೋಗಿ ವಾರವಾಗಿತ್ತು. ಇದ್ದಿದ್ದರೂ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಿದ್ದೆ ಎಂದು ತುರೋರಿಯ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ಯೋಚಿಸಿದೆ. ಬಸ್ಸು ಬಂತು, ಹತ್ತಿದೆ. ಮರುದಿನ ನಿಲಂಗಾ ಮೇಲಿಂದ ಉದಗೀರಕ್ಕೆ ಹೋಗುವಾಗಲೂ ಯೋಚಿಸಿದೆ. ಆಕೆ ಅಂದದ್ದು ಕುರಿಗಳ ಮಾತೋ ತನ್ನ ತಲೆಯ ಮಾತೋ, ನನಗೆ ಬಗೆಹರಿಯಲಿಲ್ಲ.